ಕವಿಯ ಮನೆ ಹಿತ್ತಿಲಿಗೆ ಬಂದವಳು

(ಕೋಲಾರದಲ್ಲಿ ನಾಟಕ, ಸಿನಿಮಾ ಹುಚ್ಚಿನ ಗೆಳೆಯರು ಸೇರಿ ನಡೆಸಿದ ಸಂಜೆ ಮಾತುಕತೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

'ನೊಂದ ಕವಿಯ ಜೀವನಚಿತ್ರದಲ್ಲಿ ವೈವಿಧ್ಯ ಮತ್ತು ಪ್ರಾತಿನಿಧ್ಯ' ಅಂತ ಕರೆಯೋಲೆಯಲ್ಲಿ ದೊಡ್ಡ ಅಕ್ಷರದಲ್ಲಿ ಹಾಕಿದ್ದೀರಿ. ಈ ಮಾತು ಬಂದ ಕೂಡಲೇ ನಾವು ತಲೆ ಎಣಿಸಲು ಕೂರುತ್ತೇವೆ. ಹೆಂಗಸರು ಎಷ್ಟು ಜನ, ಕಪ್ಪು ಬಣ್ಣದವರು ಎಷ್ಟು ಜನ, ದಲಿತರು ಇದ್ದಾರಾ, ಮುಸ್ಲಿಮರು ಇದ್ದಾರಾ. ಎಣಿಸಬೇಕು, ತಪ್ಪೇನಿಲ್ಲ. ಎಣಿಸದಿದ್ದರೆ ಯಾರೂ ಕೊಡುವುದಿಲ್ಲ ಅನ್ನೋದು ನಮಗೆ ಗೊತ್ತಿರುವ ವಿಷಯವೇ. ಆದರೆ ಇವತ್ತು ನಾನು ಎಣಿಕೆ ಬಿಟ್ಟು ಒಬ್ಬಳೇ ಒಬ್ಬ ಹೆಂಗಸಿನ ಬಗ್ಗೆ ಜಾಸ್ತಿ ಮಾತಾಡುತ್ತೇನೆ. ಆಕೆಯ ಹೆಸರು ಯಾರಿಗೂ ಗೊತ್ತಿಲ್ಲ. ಒಬ್ಬ ಬಹಳ ದೊಡ್ಡ ಕವಿಯ ಆತ್ಮಕಥೆಯಲ್ಲಿ ಆಕೆಗೆ ಸಿಕ್ಕಿರುವ ಜಾಗ ಒಂದೆರಡು ಪುಟ, ಅಷ್ಟೇ.

ಕವಿ ಪಾಬ್ಲೊ ನೆರೂಡ. ಚಿಲಿ ದೇಶದವನು, 1904ರಲ್ಲಿ ಹುಟ್ಟಿದವನು. ಅಪ್ಪ ರೈಲ್ವೆ ಕೆಲಸಗಾರ. ಅಮ್ಮ ಇವನು ಹುಟ್ಟಿದ ಸ್ವಲ್ಪ ದಿನಕ್ಕೇ ಕ್ಷಯದಿಂದ ತೀರಿಕೊಂಡಳು. ಇಪ್ಪತ್ತು ತುಂಬುವ ಹೊತ್ತಿಗೆ ಪ್ರೇಮ ಕವಿತೆಗಳ ಪುಸ್ತಕ ತಂದು ಹೆಸರು ಮಾಡಿದ. ಅದರಲ್ಲಿ 16ನೇ ಕವಿತೆ ನಮ್ಮ ಠಾಗೋರರ ಕವಿತೆಯೊಂದನ್ನು ತನ್ನ ಮಾತಿನಲ್ಲಿ ಮತ್ತೆ ಹೇಳಿದ್ದು. ಅದರ ಬಗ್ಗೆ ಆಮೇಲೆ ದೊಡ್ಡ ಗಲಾಟೆಯೇ ಆಯಿತು, ಇರಲಿ. 1971ರಲ್ಲಿ ನೊಬೆಲ್ ಬಂತು. 1973ರ ಸೆಪ್ಟೆಂಬರ್ 11ರಂದು ಚಿಲಿಯಲ್ಲಿ ಸೇನೆ ಅಧಿಕಾರ ಕಿತ್ತುಕೊಂಡಿತು. ಅದೇ ತಿಂಗಳ 23ರಂದು ಈತ ಸತ್ತ. ಮರುವರ್ಷ ಆತ್ಮಕಥೆ ಪುಸ್ತಕವಾಗಿ ಹೊರಬಂತು.

ನಮ್ಮ ಬಂಡಾಯ ಸಾಹಿತ್ಯ ಚಳವಳಿಯ ದಿನಗಳಲ್ಲಿ ನೆರೂಡನ ಹೆಸರು ಎಷ್ಟು ಓಡಾಡಿತು ಅಂತ ಇಲ್ಲಿರುವ ಹಿರಿಯರಿಗೆ ನೆನಪಿರುತ್ತದೆ. 'ಖಡ್ಗವಾಗಲಿ ಕಾವ್ಯ' ಎಂದು ಕೂಗಿದವರ ಚೀಲದಲ್ಲಿ ನೆರೂಡ ಇರುತ್ತಿದ್ದ. ಅದಕ್ಕೆ ಕಾರಣವೂ ಇತ್ತು. 1945ರಲ್ಲಿ ಆತ ಸೆನೆಟರ್ ಆಗಿದ್ದು ಉತ್ತರ ಚಿಲಿಯ ಗಣಿ ಸೀಮೆಯಿಂದ. ಆರಿಸಿ ಕಳಿಸಿದವರಲ್ಲಿ ಗಣಿ ಕೂಲಿಗಳು ಬಹಳ ಜನ ಇದ್ದರು. ಸ್ಪೇನಿನಲ್ಲಿ ಅಂತರ್ಯುದ್ಧ ಸೋತು ಓಡಿಬಂದ ಎರಡು ಸಾವಿರಕ್ಕೂ ಹೆಚ್ಚು ಜನರನ್ನು 1939ರಲ್ಲಿ ವಿನಿಪೆಗ್ ಎಂಬ ಹಡಗು ಹತ್ತಿಸಿ ಚಿಲಿಗೆ ಕರೆತಂದವನೂ ಈತನೇ. ಗಣಿಯ ಕವಿ ಅಂದಮೇಲೆ ಕೋಲಾರದವರಿಗೆ ದೂರದವನು ಹೇಗಾಗುತ್ತಾನೆ?

ಈಗ ಆ ಪುಟಕ್ಕೆ ಬರುತ್ತೇನೆ.

1929ರಲ್ಲಿ ನೆರೂಡ ಚಿಲಿಯ ಕಾನ್ಸುಲ್ ಆಗಿ ಕೊಲಂಬೊಗೆ ಬಂದ. ಹೆಸರಿಗೆ ದೊಡ್ಡ ಹುದ್ದೆ, ಸಂಬಳ ನೆಟ್ಟಗೆ ಬರುತ್ತಿರಲಿಲ್ಲ. ವೆಲ್ಲವತ್ತದಲ್ಲಿ ಸಮುದ್ರದ ದಡಕ್ಕೆ ಒಂದು ಮನೆ. ಜೊತೆಗೆ ಒಂದು ನಾಯಿ, ಒಂದು ಮುಂಗುಸಿ, ಒಬ್ಬ ಕೆಲಸದ ಹುಡುಗ. ಬಿಳಿಯರ ಕ್ಲಬ್ಬುಗಳು ಈತನಿಗೆ ಹಿಡಿಸಲಿಲ್ಲ, ಈತ ಸ್ಥಳೀಯರ ಜೊತೆ ಬೆರೆಯುವುದು ಬಿಳಿಯರಿಗೆ ಹಿಡಿಸಲಿಲ್ಲ. ಭಯಂಕರ ಒಂಟಿತನ. ಆ ಒಂಟಿತನದಿಂದಲೇ ಆತನ ಅತಿ ಕತ್ತಲೆಯ, ಅತಿ ಒಳ್ಳೆಯ ಕೆಲವು ಕವಿತೆಗಳು ಬಂದವು ಅಂತ ವಿಮರ್ಶಕರು ಹೇಳುತ್ತಾರೆ. ನಾನೂ ಒಪ್ಪುತ್ತೇನೆ.

ಮನೆಯ ಹಿಂದುಗಡೆ ಕಕ್ಕಸು. ಕೆಳಗೆ ಒಂದು ಡಬ್ಬ. ದಿನಾ ಬೆಳಗಾಗುವ ಹೊತ್ತಿಗೆ ಡಬ್ಬ ಖಾಲಿಯಾಗಿ ಸ್ವಚ್ಛವಾಗಿರುತ್ತಿತ್ತು. ಅದು ಹೇಗೆ ಅಂತ ಕವಿಗೆ ಗೊತ್ತಿರಲಿಲ್ಲ. ಇದನ್ನು ಆತನೇ ಬರೆದುಕೊಂಡಿದ್ದಾನೆ. ಒಂದು ದಿನ ಬೇಗ ಎದ್ದು ನೋಡಿದ. ಹಿತ್ತಿಲಿನಿಂದ ಒಬ್ಬ ಹೆಂಗಸು ಬಂದಳು. ತಮಿಳು ಹೆಂಗಸು, ಪರಿಯಾ, ಅಂದರೆ ಅಸ್ಪೃಶ್ಯ ಜಾತಿಯವಳು ಅಂತ ಕವಿ ಬರೆಯುತ್ತಾನೆ. ಅಗ್ಗದ ಸೀರೆ, ಕಾಲಲ್ಲಿ ಭಾರದ ಕಡಗ, ಮೂಗಿನ ಎರಡೂ ಕಡೆ ಕೆಂಪು ಹರಳು. ಕವಿಯ ಕಣ್ಣಿಗೆ ಆಕೆ ಶಿಲ್ಪದ ಹಾಗೆ, ರಾಣಿಯ ಹಾಗೆ ಕಂಡಳು. ಆಕೆ ಡಬ್ಬವನ್ನು ತಲೆ ಮೇಲಿಟ್ಟುಕೊಂಡು ಹೊರಟುಹೋದಳು. ಆಮೇಲೆ ಕವಿ ಕರೆದ, ಆಕೆ ತಿರುಗಲಿಲ್ಲ. ದಾರಿಯಲ್ಲಿ ಹಣ್ಣು ಇಟ್ಟ, ರೇಷ್ಮೆ ಬಟ್ಟೆ ಇಟ್ಟ. ಆಕೆ ನೋಡಲಿಲ್ಲ. ಒಂದು ಬೆಳಿಗ್ಗೆ ಕೈ ಹಿಡಿದು ಒಳಗೆ ಎಳೆದುಕೊಂಡು ಹೋದ. ಇಬ್ಬರಿಗೂ ಬರುವ ಭಾಷೆ ಒಂದೂ ಇರಲಿಲ್ಲ. ಆಕೆ ಅಷ್ಟು ಹೊತ್ತೂ ಕಣ್ಣು ತೆರೆದೇ ಇದ್ದಳು, ಕಲ್ಲಿನ ಹಾಗೆ. ನನ್ನನ್ನು ಆಕೆ ತಿರಸ್ಕರಿಸಿದ್ದು ಸರಿಯಾಗಿಯೇ ಇತ್ತು ಅಂತ ಬರೆದು, ಕವಿ ಮುಂದಿನ ವಿಷಯಕ್ಕೆ ಹೋಗುತ್ತಾನೆ.

ಇದನ್ನು ಅತ್ಯಾಚಾರ ಎನ್ನದೆ ಬೇರೆ ಏನೂ ಅನ್ನಲು ಬರುವುದಿಲ್ಲ. ಪುಸ್ತಕ ಬಂದು ಹತ್ತಾರು ವರ್ಷ ಇದನ್ನು ಓದಿದವರು ಓದಿ ಮುಂದಕ್ಕೆ ಹೋದರು. 2018ರಲ್ಲಿ ಸ್ಯಾಂಟಿಯಾಗೊ ವಿಮಾನ ನಿಲ್ದಾಣಕ್ಕೆ ನೆರೂಡನ ಹೆಸರು ಇಡುವ ಮಾತು ಬಂತು. ಚಿಲಿಯ ಹೆಣ್ಣುಮಕ್ಕಳು ಇದೇ ಪುಟ ಹಿಡಿದುಕೊಂಡು ವಿರೋಧಿಸಿದರು. ನಿಲ್ದಾಣಕ್ಕೆ ಹಳೆಯ ಹೆಸರೇ ಉಳಿಯಿತು.

ನಾನು ಈ ಪುಟದ ಬಗ್ಗೆ ಕೋಲಾರದಲ್ಲೇ ಮಾತಾಡಬೇಕು ಅಂದುಕೊಂಡಿದ್ದಕ್ಕೆ ಕಾರಣ ನಿಮಗೆ ಹೊಳೆದಿರಬೇಕು. ಕೊಲಂಬೊದ ಕಕ್ಕಸು ಬಳಿಯಲು ಬ್ರಿಟಿಷರು ಜನರನ್ನು ಕರೆದೊಯ್ದದ್ದು ದಕ್ಷಿಣ ಭಾರತದಿಂದ. ತಮಿಳು, ತೆಲುಗು ಆಡುವ ದಲಿತರನ್ನು. ನಮ್ಮ ಪಕ್ಕದ ಕೆಜಿಎಫ್‌ನಲ್ಲೂ ಬ್ರಿಟಿಷ್ ಕಂಪನಿ ಅದನ್ನೇ ಮಾಡಿತು. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು. ಆರ್ಕಾಟ್ ಸೀಮೆಯಿಂದ ಕೂಲಿಗಳು ಬಂದರು. ಅವರಿಗೆ 'ಲೈನು' ಮನೆಗಳನ್ನು ಕಟ್ಟಿಸಿದರು. ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಹೋಯಿತು, ಶಿವನಸಮುದ್ರದಿಂದ 1902ರಲ್ಲಿ ಕರೆಂಟು ಬಂತು, ಆದರೆ ಲೈನುಗಳಲ್ಲಿ ಒಣ ಕಕ್ಕಸೇ ಉಳಿಯಿತು. ಅದನ್ನು ಬಳಿಯಲು ತೋಟಿಗಳು. ಬೆಜವಾಡ ವಿಲ್ಸನ್ ಅಲ್ಲಿ ಹುಟ್ಟಿದವರು, 1966ರಲ್ಲಿ, ಅಂಥದೇ ಮನೆಯಲ್ಲಿ. ಅಪ್ಪ ಅಮ್ಮ ತಾವು ಮಾಡುವ ಕೆಲಸ ಏನು ಅಂತ ಮಗನಿಗೆ ಹೇಳದೆ ಬಚ್ಚಿಟ್ಟಿದ್ದರು. ಶಾಲೆಯಲ್ಲಿ ಹುಡುಗರು ಹಂಗಿಸಿದಾಗಲೇ ಗೊತ್ತಾಗಿದ್ದು. ಡಬ್ಬ ಹೇಗೆ ಖಾಲಿಯಾಗುತ್ತದೆ ಅನ್ನೋ ಪ್ರಶ್ನೆ ಕವಿಗೂ ಇತ್ತು, ಈ ಹುಡುಗನಿಗೂ ಇತ್ತು, ನೋಡಿ. ಉತ್ತರ ಸಿಕ್ಕಮೇಲೆ ಕವಿ ರೇಷ್ಮೆ ಬಟ್ಟೆ ಇಟ್ಟ. ಹುಡುಗ ದೊಡ್ಡವನಾಗಿ ಅಧಿಕಾರಿಗಳಿಗೆ, ಪ್ರಧಾನಿಗೆ ಕಾಗದ ಬರೆದ, ಫೋಟೊ ತೆಗೆಸಿದ, ಒಣ ಕಕ್ಕಸು ಒಡೆಸಿದ. ಸಫಾಯಿ ಕರ್ಮಚಾರಿ ಆಂದೋಲನ ಕಟ್ಟಿದ. 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಪೇಪರಿನಲ್ಲಿ ಕೆಜಿಎಫ್ ಹೆಸರು ಬಂತು. ಇವತ್ತು ದೇಶದಲ್ಲಿ ಯಾರನ್ನೇ ಕೇಳಿ, ಕೆಜಿಎಫ್ ಅಂದರೆ ಸಿನಿಮಾದ ರಾಕಿ ಭಾಯ್ ನೆನಪಾಗುತ್ತಾನೆ, ವಿಲ್ಸನ್ ಆಗೋದಿಲ್ಲ. ನಗಬೇಡಿ, ನಮ್ಮ ಮಕ್ಕಳಿಗೂ ಅಷ್ಟೇ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಗಣಿಗೆ ಇಳಿದವರಲ್ಲಿ ಹೆಚ್ಚಿನವರು ದಲಿತರೇ. ಅವರ ಕಷ್ಟದ ಬಗ್ಗೆ ಹಾಡುಗಳಿವೆ, ಯೂನಿಯನ್ ಕಥೆಗಳಿವೆ. ಅವರ ಲೈನಿನ ಕಕ್ಕಸು ಬಳಿಯುತ್ತಿದ್ದವರು ಇನ್ನೂ ಕೆಳಗಿನವರು. ಗಣಿಯವನು ತನ್ನ ಪಾಳಿ ದುಡಿದು ಬಂದು ಮಲಗಿದಾಗ ಹಿಂದಿನ ಗಲ್ಲಿಯಲ್ಲಿ ಒಬ್ಬಳು ಬಂದು ಹೋಗಿರುತ್ತಿದ್ದಳು. ಗಣಿ ಕಾರ್ಮಿಕನನ್ನು ತೆರೆಗೆ ತಂದ ಮಾತ್ರಕ್ಕೆ ಕೆಲಸ ಮುಗಿಯಿತು ಅನ್ನೋ ಹಾಗಿಲ್ಲ.

ಈಗ ಸಿನಿಮಾಕ್ಕೆ ಬರೋಣ. ನೆರೂಡನ ಮೇಲೆ ಬಂದಿರುವ ಚಿತ್ರಗಳಲ್ಲಿ ಮೂರನ್ನು ಪಕ್ಕಪಕ್ಕ ಇಟ್ಟು ನೋಡಿದರೆ ವಿಷಯ ತನ್ನಷ್ಟಕ್ಕೆ ಬಿಚ್ಚಿಕೊಳ್ಳುತ್ತದೆ.

ಮೊದಲನೆಯದು 1994ರ 'ಇಲ್ ಪೋಸ್ತಿನೊ'. ಬಹಳ ಜನ ನೋಡಿರುತ್ತೀರಿ. ಇಟಲಿಯ ದ್ವೀಪವೊಂದರಲ್ಲಿ ನೆರೂಡ ಗಡೀಪಾರಾಗಿ ಇರುತ್ತಾನೆ. ಮೀನುಗಾರನ ಮಗ ಅವನಿಗೆ ಅಂಚೆ ತಂದುಕೊಡುತ್ತಾನೆ, ಕವಿತೆ ಕಲಿಯುತ್ತಾನೆ, ಹುಡುಗಿಯನ್ನು ಒಲಿಸಿಕೊಳ್ಳುತ್ತಾನೆ. ಅಂಚೆಯವನ ಪಾತ್ರ ಮಾಡಿದ ಮಾಸ್ಸಿಮೊ ತ್ರೊಯಿಸಿ ಚಿತ್ರೀಕರಣ ಮುಗಿದ ಕೂಡಲೇ ತೀರಿಕೊಂಡ. ಅದಕ್ಕೇ ಆ ಚಿತ್ರ ನೋಡುವಾಗ ಕರುಳು ಚುರ್ ಅನ್ನುತ್ತದೆ. ಅಲ್ಲಿನ ನೆರೂಡ ಅಜ್ಜನಂಥ ಮನುಷ್ಯ, ಮೃದು. ಆ ಸಿಹಿ ಚಿತ್ರದಲ್ಲೂ ಒಂದು ಮುಳ್ಳಿದೆ. ಕವಿ ಊರಿಗೆ ಹೋದಮೇಲೆ ಅಂಚೆಯವನು ಕಾಗದಕ್ಕೆ ಕಾಯುತ್ತಾನೆ. ಕೊನೆಗೆ ಕಾಗದ ಬರುತ್ತದೆ, ಕವಿಯ ಕಾರ್ಯದರ್ಶಿಯಿಂದ. ಬಿಟ್ಟುಹೋದ ಸಾಮಾನು ಕಳಿಸಿ ಅಂತ. ಎಷ್ಟು ಸಣ್ಣ ವಿಷಯ, ಎಷ್ಟು ನಿಜ.

ಎರಡನೆಯದು 2016ರ 'ನೆರೂಡ'. ಚಿಲಿಯ ಪಾಬ್ಲೊ ಲಾರೈನ್ ತೆಗೆದದ್ದು. 1948ರಲ್ಲಿ ಕಮ್ಯುನಿಸ್ಟ್ ಪಕ್ಷವನ್ನು ನಿಷೇಧಿಸಿದಾಗ ಕವಿ ತಲೆಮರೆಸಿಕೊಂಡು ಓಡಾಡಿದ ಕಥೆ. ಇಲ್ಲಿನ ಕವಿ ಹೊಟ್ಟೆ ಬಂದವನು, ಸುಖಪುರುಷ, ಹೊಗಳಿಕೆ ಬೇಕಾದವನು. ಒಂದು ಪಾರ್ಟಿಯಲ್ಲಿ ಕೆಲಸದ ಹೆಂಗಸೊಬ್ಬಳು, ಪಕ್ಷದವಳೇ, ಕುಡಿದ ಧೈರ್ಯದಲ್ಲಿ ಕೇಳುತ್ತಾಳೆ. ನಾನು ಚಿಕ್ಕಂದಿನಿಂದ ಶ್ರೀಮಂತರ ಹೊಲಸು ಬಳಿದವಳು, ನಾಳೆ ಸಮಾನತೆ ಬಂದಾಗ ಎಲ್ಲರೂ ಈತನ ಹಾಗೆ ಆಗುತ್ತೇವಾ, ನನ್ನ ಹಾಗೆ ಆಗುತ್ತೇವಾ ಅಂತ. ಕವಿ, ಎಲ್ಲರೂ ನನ್ನ ಹಾಗೆ ಅಂತ ತಮಾಷೆಯ ಉತ್ತರ ಕೊಡುತ್ತಾನೆ. ನಿಮಿಷದ ದೃಶ್ಯ ಅಷ್ಟೇ. ಆ ಹೆಂಗಸು ಕಥೆಗೆ ಮತ್ತೆ ದೊಡ್ಡದಾಗಿ ಬೇಕಾಗುವುದಿಲ್ಲ. ಆದರೂ ಇಡೀ ಚಿತ್ರವನ್ನು ಆಕೆ ಅಲ್ಲಾಡಿಸಿಬಿಡುತ್ತಾಳೆ. ಯಾಕೆಂದರೆ ಆಕೆ ಬಂದು ನಿಂತಿರುವುದು ಅಲಂಕಾರಕ್ಕೆ ಅಲ್ಲ. ಆಕೆಗೆ ಒಂದು ಪ್ರಶ್ನೆ ಇದೆ, ಆ ಪ್ರಶ್ನೆ ನೇರ ಕವಿಗೆ.

ಮೂರನೆಯದು ನಮ್ಮ ಪಕ್ಕದ ಸಿಂಹಳದಿಂದ ಬಂತು. 2021ರಲ್ಲಿ ಅಶೋಕ ಹಂದಗಮ ತೆಗೆದ 'ಆಲ್ಬೊರಾಡ'. ನಾನು ಇಷ್ಟು ಹೊತ್ತು ಹೇಳಿದ ಆ ಪುಟವನ್ನೇ ಚಿತ್ರದ ನಡುಮಧ್ಯಕ್ಕೆ ತಂದದ್ದು ಇವರು. ಕೊಲಂಬೊದ ಆ ಮನೆ, ಆ ಸಮುದ್ರ, ಆ ಡಬ್ಬ. ಚಿಲಿಯಿಂದಲೋ ಇಟಲಿಯಿಂದಲೋ ನೋಡಿದವರಿಗೆ ಅದು ಕವಿಯ ಬದುಕಿನ ಒಂದು ದೂರದ ಊರು. ಸಿಂಹಳದವರಿಗೆ ಅದು ತಮ್ಮ ಹಿತ್ತಿಲು. ಕ್ಯಾಮೆರಾ ಎಲ್ಲಿ ನಿಂತಿದೆ ಅನ್ನುವುದರ ಮೇಲೆ ಕಥೆಯ ಮಧ್ಯ ಎಲ್ಲಿ ಬೀಳುತ್ತದೆ ಅನ್ನೋದು ಎಷ್ಟು ಬದಲಾಗುತ್ತದೆ ನೋಡಿ. ಅಷ್ಟರಮಟ್ಟಿಗೆ ಹಂದಗಮ ಅವರಿಗೆ ನನ್ನ ನಮಸ್ಕಾರ. ಆದರೆ ಒಂದು ತಕರಾರೂ ಇದೆ. ಆ ಚಿತ್ರ ಕಣ್ಣಿಗೆ ಬಹಳ ಚೆಂದ. ಆಕೆಯ ನಡಿಗೆ ಚೆಂದ, ಬೆಳಕು ಚೆಂದ. ಆ ಚೆಂದ ಯಾರು ಕಂಡದ್ದು? ಕವಿ ಕಂಡದ್ದು. ತಲೆ ಮೇಲೆ ಡಬ್ಬ ಇರುವವಳಿಗೆ ಆ ಬೆಳಿಗ್ಗೆ ಚೆಂದ ಕಂಡಿರಲು ಸಾಧ್ಯವಿಲ್ಲ. ಡಬ್ಬ ತುಳುಕುತ್ತದೆ, ಕುತ್ತಿಗೆ ನೋಯುತ್ತದೆ, ಇನ್ನೂ ಎಷ್ಟೋ ಮನೆ ಬಾಕಿ ಇರುತ್ತದೆ. ಕವಿಯ ತಪ್ಪನ್ನು ತೋರಿಸುವ ಚಿತ್ರವೂ ಕವಿಯ ಕಣ್ಣನ್ನೇ ಸಾಲ ತಂದುಕೊಂಡರೆ ಆಕೆ ಎರಡನೇ ಸಲವೂ ಬರೀ ನೋಟಕ್ಕೆ ಸಿಕ್ಕವಳಾಗುತ್ತಾಳೆ.

ನನ್ನ ತಕರಾರು ಇಷ್ಟೇ. ನೊಂದ ಕವಿಯ ಚಿತ್ರ ಅಂದಾಗ ನಾವು ಕವಿಯ ನೋವನ್ನು ಅಳೆದು ತೂಗುತ್ತೇವೆ. ಅವನ ಬಡತನ, ಕುಡಿತ, ಒಂಟಿತನ, ಹುಚ್ಚು. ಅವನಿಂದ ನೋವು ತಿಂದವರು ಕಥೆಯಲ್ಲಿ ಬರುವುದು ಅವನ ನೋವಿಗೆ ಸಾಕ್ಷಿ ಹೇಳಲು. ಪ್ರಾತಿನಿಧ್ಯದ ಪ್ರಶ್ನೆ ನನ್ನ ಮಟ್ಟಿಗೆ ಶುರುವಾಗುವುದು ಅಲ್ಲಿಂದ.

ನೆರೂಡನ ಬದುಕಿನಲ್ಲಿ ಇಂಥವರು ಇನ್ನೂ ಇದ್ದಾರೆ. ರಂಗೂನಿನಲ್ಲಿ ಆತನ ಜೊತೆಗಿದ್ದ ಬರ್ಮಾದ ಹೆಂಗಸು. ಹೊರಗೆ ಇಂಗ್ಲಿಷ್ ಬಟ್ಟೆ ತೊಟ್ಟು ಜೋಸಿ ಬ್ಲಿಸ್ ಅಂತ ಹೆಸರಿಟ್ಟುಕೊಂಡಿದ್ದಳು, ಮನೆಯಲ್ಲಿ ಆಕೆಗೆ ಬರ್ಮಾದ ಹೆಸರೇ ಇತ್ತು. ಅದನ್ನು ಕವಿ ನಮಗೆ ಹೇಳುವುದಿಲ್ಲ. ಆಕೆ ಚಾಕು ಹಿಡಿದು ಮಂಚದ ಸುತ್ತ ಓಡಾಡುತ್ತಿದ್ದಳು ಅಂತ ಮಾತ್ರ ಹೇಳುತ್ತಾನೆ. ಆತ ಹೇಳದೆ ಕೇಳದೆ ಹಡಗು ಹತ್ತಿ ಬಿಟ್ಟುಹೋದ. ಆಕೆ ಹುಡುಕಿಕೊಂಡು ಕೊಲಂಬೊ ತನಕ ಬಂದಳು, ಅಕ್ಕಿ ಮೂಟೆ ಸಮೇತ. ಯಾಕೆ ಅಕ್ಕಿ ತಂದಳು? ರಂಗೂನ್ ಬಿಟ್ಟು ಬೇರೆಲ್ಲೂ ಅಕ್ಕಿ ಸಿಗುವುದಿಲ್ಲ ಅಂದುಕೊಂಡಿದ್ದಳಂತೆ. ಓದುವಾಗ ನಗು ಬರುವ ಹಾಗೆ ಬರೆದಿದ್ದಾನೆ. ನನಗೆ ನಗು ಬರಲಿಲ್ಲ.

ಮಗಳು ಮಾಲ್ವಾ ಮಾರಿನಾ. 1934ರಲ್ಲಿ ಮ್ಯಾಡ್ರಿಡ್‌ನಲ್ಲಿ ಹುಟ್ಟಿದಳು. ತಲೆಯಲ್ಲಿ ನೀರು ತುಂಬಿಕೊಳ್ಳುವ ಕಾಯಿಲೆ. ಗೆಳತಿಗೆ ಬರೆದ ಕಾಗದದಲ್ಲಿ ಅಪ್ಪ ಆ ಮಗುವನ್ನು ಒಂದು ಅರ್ಧವಿರಾಮ ಚಿಹ್ನೆಗೆ ಹೋಲಿಸಿದ. ಎರಡು ವರ್ಷಕ್ಕೆ ತಾಯಿ ಮಗಳಿಬ್ಬರನ್ನೂ ಬಿಟ್ಟು ಬೇರೆಯಾದ. 1943ರಲ್ಲಿ, ಎಂಟು ವರ್ಷದವಳಿದ್ದಾಗ, ನಾಜಿಗಳ ಕೈಲಿದ್ದ ಹಾಲೆಂಡಿನಲ್ಲಿ ಆ ಹುಡುಗಿ ಸತ್ತಳು. ಆತ್ಮಕಥೆಯಲ್ಲಿ ಆಕೆಯ ಹೆಸರೇ ಇಲ್ಲ. ವಿಮಾನ ನಿಲ್ದಾಣದ ಜಗಳದಲ್ಲಿ ಈ ಮಗುವಿನ ಹೆಸರೂ ಬಂತು.

ಇಷ್ಟೆಲ್ಲಾ ಪರದೇಶದ ಕಥೆ, ನಮ್ಮಲ್ಲಿ ಹೇಗೆ ಅಂತ ಕೇಳುತ್ತೀರಿ. ನಮ್ಮಲ್ಲಿ ಕವಿಗಳ ಸಿನಿಮಾ ಅಂದರೆ ರಾಜ್‌ಕುಮಾರ್. ಕನಕದಾಸ ಅವರೇ, ಕಬೀರ ಅವರೇ, ಸರ್ವಜ್ಞ ಅವರೇ, ತುಕಾರಾಮ ಅವರೇ, ಕಾಳಿದಾಸನೂ ಅವರೇ. 1961ರ 'ಕೈವಾರ ಮಹಾತ್ಮೆ'ಯಲ್ಲಿ ನಮ್ಮ ಕೈವಾರ ತಾತಯ್ಯ, ಅಂದರೆ ಯೋಗಿ ನಾರೇಯಣನೂ ಅವರೇ. ಕೈವಾರ ಈಗ ಚಿಕ್ಕಬಳ್ಳಾಪುರ ಜಿಲ್ಲೆ, ಆದರೆ 2007ರ ತನಕ ಕೋಲಾರದ್ದೇ ಅಲ್ವಾ? ಕುರುಬರ ಕನಕ, ನೇಕಾರ ಕಬೀರ, ಬಳೆ ಮಾರುವ ನಾರೇಯಣ, ಎಲ್ಲರಿಗೂ ಒಂದೇ ಮುಖ. ಇವತ್ತಿನ ಕಣ್ಣಿನಲ್ಲಿ ಅದು ವಿಚಿತ್ರ ಅನ್ನಿಸಬಹುದು. ಆದರೆ ಈಡಿಗರ ಮನೆಯ, ಜಾಸ್ತಿ ಓದದ, ಕಂಪನಿ ನಾಟಕದಿಂದ ಬಂದ ಒಬ್ಬ ಮನುಷ್ಯ ಇಷ್ಟೂ ಕವಿಗಳಿಗೆ ಜೀವ ಕೊಟ್ಟದ್ದೇ ಒಂದು ದೊಡ್ಡ ವಿಷಯ. ಹಾಗಾಗಿ 'ಯಾವ ಜಾತಿಯ ಪಾತ್ರವೋ ಆ ಜಾತಿಯವರೇ ಮಾಡಬೇಕು' ಅನ್ನೋ ಗೆರೆಯನ್ನು ನಾನು ಎಳೆಯುವುದಿಲ್ಲ.

ನನಗೆ ತೊಡಕಾಗುವುದು ಬೇರೆ ಕಡೆ. 1983ರ 'ಕವಿರತ್ನ ಕಾಳಿದಾಸ' ನೆನಪು ಮಾಡಿಕೊಳ್ಳಿ. ಮೊದಲು ಕುರಿ ಕಾಯುವವನು, ದಡ್ಡ, ಹಳ್ಳಿ ಮಾತು. ಕಾಳಿ ಒಲಿದ ಕೂಡಲೇ ವಿದ್ಯೆ ಬಂತು, ಅದರ ಜೊತೆಗೆ ಹಳ್ಳಿ ಮಾತು ಹೋಯಿತು. ಗ್ರಂಥದ ಕನ್ನಡ ಬಂತು. ಚಿತ್ರ ನನಗೂ ಇಷ್ಟ, ಹಾಡುಗಳು ಬಾಯಿಪಾಠ. ಆದರೆ ಕುರಿ ಕಾಯುವವನ ಬಾಯಲ್ಲಿ ಕಾವ್ಯ ಇರಲು ಸಾಧ್ಯವಿಲ್ಲ, ಕಾವ್ಯ ಬರಬೇಕಾದರೆ ಅವನು ಅವನಾಗಿರುವುದು ನಿಲ್ಲಬೇಕು ಅನ್ನೋ ನಂಬಿಕೆ ಅದರಲ್ಲಿ ಕೂತಿದೆ. ಕೋಲಾರದವರಿಗೆ ಇದು ಚೆನ್ನಾಗಿ ಅರ್ಥವಾಗಬೇಕು. ತೆಲುಗು ಬೆರೆತ ನಮ್ಮ ಕನ್ನಡ ತೆರೆಗೆ ಬಂದರೆ ನಗಿಸುವ ಪಾತ್ರಕ್ಕೇ ಬರುತ್ತದೆ. ಕೈವಾರ ತಾತಯ್ಯ ಹಾಡಿದ್ದು ತೆಲುಗಿನಲ್ಲೂ ಕನ್ನಡದಲ್ಲೂ. ಎರಡು ಭಾಷೆಯ ಕವಿಯನ್ನು ಎರಡು ಭಾಷೆಯವನಾಗಿಯೇ ತೋರಿಸುವ ಚಿತ್ರ ನಮಗೆ ಇನ್ನೂ ಬೇಕಾಗಿದೆ.

ಸಂತ ಕವಿಗಳ ಚಿತ್ರಗಳಲ್ಲಿ ಹೆಂಡತಿಯ ಪಾತ್ರ ಒಂದು ಇರುತ್ತದೆ. ಮನೆಯಲ್ಲಿ ರಾಗಿ ಇಲ್ಲ ಅಂತ ಕೂಗುವವಳು. ಗಂಡ ದೇವರ ಧ್ಯಾನದಲ್ಲಿ, ಈಕೆ ಅಡುಗೆಮನೆಯಲ್ಲಿ ಗೊಣಗುತ್ತಾ. ನಾವೆಲ್ಲಾ ಆಕೆಯನ್ನು ನೋಡಿ ನಕ್ಕಿದ್ದೇವೆ. ಮಕ್ಕಳಿಗೆ ಊಟ ಕೇಳಿದವಳು ಗಯ್ಯಾಳಿ, ಊಟ ತರದವನು ಸಂತ. ತಾತಯ್ಯನ ಕಥೆಯಲ್ಲೂ ಬಳೆ ಮಾರಿಬಾ ಅಂತ ಹೆಂಡತಿ ಕಳಿಸುತ್ತಾಳೆ. ಕಳಿಸಬೇಕಲ್ಲವಾ ಮತ್ತೆ? ಒಬ್ಬ ಹುಡುಗಿ ಆ ಹೆಂಡತಿಯ ಕಡೆಯಿಂದ ಒಂದು ನಾಟಕ ಬರೆದರೆ ನಾನು ಮೊದಲ ಸಾಲಿನಲ್ಲಿ ಕೂರುತ್ತೇನೆ.

ಒಳ್ಳೆಯ ಉದಾಹರಣೆಯೂ ಇದೆ. 1990ರ 'ಸಂತ ಶಿಶುನಾಳ ಷರೀಫ'. ನಾಗಾಭರಣ ತೆಗೆದದ್ದು. ಶ್ರೀಧರ್ ಷರೀಫರಾಗಿ, ಗಿರೀಶ್ ಕಾರ್ನಾಡ್ ಗೋವಿಂದಭಟ್ಟರಾಗಿ. ಅಲ್ಲಿ ಗುರು ಶಿಷ್ಯರ ಬಾಂಧವ್ಯದಿಂದ ಎರಡೂ ಕಡೆಯ ಜನ ಸಿಟ್ಟಾಗುತ್ತಾರೆ. ಷರೀಫರ ಸಂಕಟ ಅವರ ಸ್ವಭಾವದಿಂದ ಬಂದದ್ದಲ್ಲ, ಊರಿನಿಂದ ಬಂದದ್ದು ಅಂತ ನೋಡುವವರಿಗೆ ತಿಳಿಯುತ್ತದೆ. ಧರ್ಮವನ್ನು ತೆಗೆದುಹಾಕಿ ಬರೀ ತತ್ವಪದ ಹಾಡಿಸಿದ್ದರೆ ಆ ಸಂಕಟಕ್ಕೆ ಅರ್ಥವೇ ಇರುತ್ತಿರಲಿಲ್ಲ.

ಬೂಸಾ ಪ್ರಕರಣ ಎಲ್ಲರಿಗೂ ಗೊತ್ತು. 1973ರಲ್ಲಿ ಮಂತ್ರಿ ಬಿ. ಬಸವಲಿಂಗಪ್ಪ ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಇದೆ ಅಂದರು, ಊರೂರಲ್ಲಿ ಗಲಭೆ ಆಯಿತು, ಅವರ ಕುರ್ಚಿ ಹೋಯಿತು. ತಲೆ ಮೇಲೆ ಮಲ ಹೊರುವುದನ್ನು ನಮ್ಮ ರಾಜ್ಯದಲ್ಲಿ ನಿಲ್ಲಿಸಲು ಆದೇಶ ಮಾಡಿದವರೂ ಅದೇ ಬಸವಲಿಂಗಪ್ಪ. ದೇಶಕ್ಕೆಲ್ಲ ಕಾನೂನು ಬಂದದ್ದು ಆಮೇಲೆ, 1993ರಲ್ಲಿ. ಅದು ಸಾಲದೆ 2013ರಲ್ಲಿ ಇನ್ನೊಂದು. ಬೂಸಾದ ಬಗ್ಗೆ ಮಾತಾಡುವಾಗ ನಾವು ಡಬ್ಬದ ಆದೇಶವನ್ನು ಮರೆಯುತ್ತೇವೆ. ಒಬ್ಬ ಮನುಷ್ಯನಿಗೆ ಎರಡೂ ಒಂದೇ ಕೆಲಸವಾಗಿ ಕಂಡಿತ್ತು ಅನ್ನುವುದು ನನಗೆ ಬಹಳ ದಿನದಿಂದ ಕಾಡುತ್ತಿರುವ ವಿಷಯ.

ನನ್ನ ಮಾತು ಇಲ್ಲಿಗೆ ನಿಲ್ಲಿಸುತ್ತೇನೆ. ಪ್ರಶ್ನೆ ಇದ್ದರೆ ಕೇಳಿ.

(ಮುಂದಿನದು ಸಭಿಕರೊಂದಿಗೆ ನಡೆದ ಮಾತು.)

ಹಿರಿಯರೊಬ್ಬರು ಕೇಳಿದರು: "ಅಲ್ಲಮ್ಮಾ, ಹಾಗಾದ್ರೆ ನೆರೂಡನ್ನ ಓದೋದೇ ಬೇಡ ಅಂತೀಯಾ? ನಾವು ಜೈಲಿಗೆ ಹೋಗುವಾಗ ಜೇಬಲ್ಲಿಟ್ಕೊಂಡು ಹೋದ ಕವಿ ಅವನು."

ಓದಬೇಕು ಅಣ್ಣ. ನಾನೂ ಓದುತ್ತೇನೆ. ಆ ಹಡಗಿನಲ್ಲಿ ಬಂದ ಎರಡು ಸಾವಿರ ಜನರ ಮೊಮ್ಮಕ್ಕಳು ಇವತ್ತು ಚಿಲಿಯಲ್ಲಿದ್ದಾರೆ, ಅದು ಸುಳ್ಳಾಗುವುದಿಲ್ಲ. ಆದರೆ ಅವನ ಬಗ್ಗೆ ನಾಟಕ ಮಾಡುವಾಗ ಹಡಗು ತೋರಿಸಿ ಹಿತ್ತಿಲು ಬಿಡುವ ಹಾಗಿಲ್ಲ. ಹಿತ್ತಿಲು ತೋರಿಸಿ ಹಡಗು ಬಿಡುವುದೂ ಸುಲಭದ ದಾರಿ. ಆಗ ಅವನು ಸುಮ್ನೆ ಖಳನಾಯಕ ಆಗುತ್ತಾನೆ, ನಾವು ನೆಮ್ಮದಿಯಾಗಿ ಮನೆಗೆ ಹೋಗುತ್ತೇವೆ. ಬಿಳಿಯರ ದರ್ಬಾರು ಕಂಡರೆ ಉರಿದು ಬೀಳುತ್ತಿದ್ದ ಮನುಷ್ಯನೇ ಆ ಕೆಲಸ ಮಾಡಿದ ಅನ್ನೋದು ಜೀರ್ಣವಾಗಬಾರದು.

ನಾಟಕ ಕಟ್ಟುವ ಹುಡುಗನೊಬ್ಬ ಕೇಳಿದ: "ಅಕ್ಕ, ನಾವು ಇದನ್ನೇ ರಂಗಕ್ಕೆ ತಂದರೆ ಆ ದೃಶ್ಯ ಹೇಗೆ ಮಾಡೋದು? ಆ ಪಾತ್ರ ಯಾರು ಮಾಡಬೇಕು?"

ಆ ದೃಶ್ಯ ಬೇಡ ಅನ್ನುತ್ತೇನೆ. ಮರ್ಯಾದೆಗಾಗಿ ಅಲ್ಲ. ಆ ಕೋಣೆಯಲ್ಲಿ ಏನಾಯಿತು ಅಂತ ಬರೆದವನು ಒಬ್ಬನೇ. ರಂಗದ ಮೇಲೆ ಅದನ್ನು ಆಡಿದರೆ ಅವನು ಬರೆದದ್ದನ್ನೇ ನಾವು ಇನ್ನೊಂದು ಸಲ ಬರೆದ ಹಾಗೆ. ಕವಿಯ ಪಾತ್ರಧಾರಿ ನಿಂತು ತನ್ನ ಪುಟವನ್ನು ಓದಲಿ, ಸಾಕು. ಉಳಿದ ಹೊತ್ತು ಆಕೆಯ ಕೆಲಸಕ್ಕೆ ಕೊಡಿ. ಬೆಳಗಿನ ಜಾವ ಎಷ್ಟು ಹೊತ್ತಿಗೆ ಹೊರಡುತ್ತಾಳೆ, ಬೂದಿ ಎಲ್ಲಿಂದ ತರುತ್ತಾಳೆ, ಬಳಿಯಲು ತಗಡಿನ ಚೂರೋ ಪೊರಕೆಯೋ, ಯಾವ ಮನೆಯವರು ನೀರು ಹಾಕುತ್ತಾರೆ, ಯಾರು ಹಾಕುವುದಿಲ್ಲ. ಕವಿಯ ಮನೆ ಆಕೆಗೆ ಎಷ್ಟನೆಯದು. ಆ ದಿನ ಆಮೇಲೆ ಇನ್ನೂ ಎಷ್ಟು ಮನೆ ಬಾಕಿ ಇತ್ತು. ಇದನ್ನು ತಿಳಿಯಲು ಕೊಲಂಬೊಗೆ ಹೋಗಬೇಕಿಲ್ಲ. ಕೆಜಿಎಫ್ ಕಡೆಯ ಮಾರಿಕುಪ್ಪಂ ರೈಲು ಹತ್ತಿದರೆ ಸಾಕು. ಆ ಕೆಲಸ ಮಾಡಿದ ಅಜ್ಜಿಯರು, ಅವರ ಮಕ್ಕಳು ಅಲ್ಲಿದ್ದಾರೆ.

ಪಾತ್ರ ಯಾರು ಮಾಡಬೇಕು ಅನ್ನೋದು ಎರಡನೇ ಮಾತು. ಆ ಮನೆಗಳ ಹುಡುಗಿ ಯಾರಾದರೂ ಮಾಡುತ್ತೇನೆ ಅಂದರೆ ಒಳ್ಳೆಯದು. ಆದರೆ ಕೇಳುವಾಗ ಹುಷಾರು. ಅಜ್ಜಿಯ ಡಬ್ಬ ಇಳಿಸಲು ಮೂರು ತಲೆಮಾರು ಹಿಡಿದಿದೆ. ನಾಟಕದ ನೆಪದಲ್ಲಿ ಮೊಮ್ಮಗಳ ತಲೆ ಮೇಲೆ ಅದನ್ನು ವಾಪಸ್ ಇಡಲು ನಾವು ಯಾರು? ಆಕೆ ಕವಿಯ ಪಾತ್ರ ಮಾಡುತ್ತೇನೆ ಅಂದರೆ? ಮಾಡಿಸಿ. ನಿರ್ದೇಶನ ಮಾಡುತ್ತೇನೆ ಅಂದರೆ ಇನ್ನೂ ಒಳ್ಳೆಯದು.

"ಹೆಸರು? ಹೆಸರಿಲ್ಲದ ಪಾತ್ರ ಹೇಗೆ ಬರೆಯೋದು?" ಅಂತ ಅದೇ ಹುಡುಗ.

ಹೆಸರು ಇಡಿ, ಆದರೆ ಕವಿಯ ಬಾಯಿಗೆ ಅದು ಬರಬಾರದು. ಮೊದಲ ದೃಶ್ಯದಲ್ಲಿ ಪಕ್ಕದ ಮನೆಯವಳು ಆಕೆಯನ್ನು ತಮಿಳಿನಲ್ಲಿ ಹೆಸರು ಹಿಡಿದು ಕೂಗಲಿ. ನೋಡುವವರಿಗೆ ಗೊತ್ತಾಗುತ್ತದೆ. ಕವಿಗೆ ಕೊನೆಯ ತನಕ ಗೊತ್ತಾಗುವುದಿಲ್ಲ. ಆಕೆಯ ಮಾತು ಪೂರ್ತಿ ತಮಿಳಿನಲ್ಲೇ ಇರಲಿ, ಕನ್ನಡಕ್ಕೆ ತರಬೇಡಿ. ಕೆಜಿಎಫ್‌ನಲ್ಲಿ ಆಡಿದರೆ ಇಡೀ ಸಭೆಗೆ ಅರ್ಥವಾಗುತ್ತದೆ, ರಂಗದ ಮೇಲಿರುವ ನೊಬೆಲ್ ಕವಿಗೆ ಮಾತ್ರ ಅರ್ಥವಾಗುವುದಿಲ್ಲ. ಇಲ್ಲಿ ಚನ್ನಯ್ಯ ರಂಗಮಂದಿರದಲ್ಲಿ ಆಡಿದರೆ ಅರ್ಧ ಜನಕ್ಕಾದರೂ ತಿಳಿಯುತ್ತದೆ. ಬೆಂಗಳೂರಿನಲ್ಲಿ ಆಡುವಾಗ ಸಬ್‌ಟೈಟಲ್ ಹಾಕಿ ಅಂತ ಒತ್ತಾಯ ಬರುತ್ತದೆ, ಜಗ್ಗಬೇಡಿ.

ಒಂದು ವಿಷಯ ಮಾತ್ರ ಮೊದಲೇ ಮಾಡಿ. ನಾಟಕ ಬರೆದಾದ ಮೇಲೆ, ತಾಲೀಮು ಶುರು ಮಾಡುವ ಮುಂಚೆ, ಆ ಅಜ್ಜಿಯರ ಮುಂದೆ ಒಮ್ಮೆ ಪೂರ್ತಿ ಓದಿ. ಇದು ಹೀಗಿರಲಿಲ್ಲ ಅಂದರೆ ತಿದ್ದಿ. ಇದನ್ನು ಆಡಬೇಡಿ ಅಂದರೂ ಅನ್ನಬಹುದು, ಅದಕ್ಕೂ ತಯಾರಾಗಿ ಹೋಗಿ. ಹೋಗುವಾಗ ಹೇಳಿ, ನಾನೂ ಬರುತ್ತೇನೆ.